ಬಾನೆಟ್ಟಿನ ಮೇಲೆ ಖಾಸಾ ಚಹಾ

ಮಕ್ಸೂದ: ಆಗಂಗಿಲ್ಲ ಅಂದ್ರ ಆಗಂಗಿಲ್ಲ! ಹಿಂದಿನ ಜಾಗಾ ನನಗ ಬ್ಯಾಡ. ಫುಕಟ್ ಕೊಟ್ರೂ ಬ್ಯಾಡ. ನನ್ನ ಹೆಸರು ಮುಂದೇ ಬರಬೇಕು.

ವಸಂತ: ಸೇಠ್‌ಜಿ, ಮುಂದಿಂದು ತೊಗೊಂಡು ಏನ್ ಮಾಡ್ತೀರಿ? ನಾ ಹೇಳೋದು ಕೇಳ್ರಿ, ಟ್ರಾಲಿ ಹಿಂದಿಂದು ತೊಗೋರಿ.

ಮಕ್ಸೂದ: ಯಾಕಪ್ಪಾ? ಉಳದ ಮಾಲು ನನ್ನ ಕೊಳ್ಳಿಗಿ ಕಟ್ಲಿಕ್ಕ ಬಂದಿಯೇನು?

ವಸಂತ: ಉಳದದ್ದಲ್ರಿ. ಹಿಂದಿಂದಕ್ಕ ಮಂದಿ ಸಾಲ್‌ಹಚ್ಚಿ ನಿಂತಾರ.

ಮಕ್ಸೂದ: ನಿಲ್ಲಲಿ. ಸಾಲಿನ್ಯಾಗ ನಿಲ್ಲೋರು ಗಿರಾಕಿ. ನಾ ವ್ಯಾಪಾರಿ.

ಬೀದರಿನ ಹಳೆಯ ಕಾವಲುಗೋಪುರ ಚೌಬಾರಾದ ಬುಡದಲ್ಲಿ ಮಕ್ಸೂದನ ಚಹಾಪುಡಿ ಅಂಗಡಿ. ಅವನ ಪುಡಿಯ ಹೆಸರು ‘ಖಾಸಾ ಚಹಾ’. ಎದುರಿಗೆ ಕುಳಿತವನು ಭಾಲ್ಕಿ ತಾಲ್ಲೂಕಿನ ಮೆಹಕರದ ವಸಂತ. ಹೊಲ, ಒಂದು ಟ್ರ್ಯಾಕ್ಟರ್, ಆ ಟ್ರ್ಯಾಕ್ಟರನ್ನು ಪಂದ್ಯಕ್ಕೆ ಇಳಿಸುವ ನಾಲ್ಕು ಜನ ಗೆಳೆಯರ ಟೀಮು, ಇಷ್ಟು ಅವನ ಆಸ್ತಿ. ಬರುವ ಶನಿವಾರ ಔರಾದ ತಾಲ್ಲೂಕಿನ ಡಾಬಕಾದಲ್ಲಿ ದೊಡ್ಡ ಟ್ರ್ಯಾಕ್ಟರ್ ರೇಸು. ಟೀಮಿಗೆ ಸ್ಪಾನ್ಸರ್ ಬೇಕಾಗಿತ್ತು. ಮಕ್ಸೂದನಿಗೆ ಔರಾದ ಬೇಕಾಗಿತ್ತು.

ಭಾಲ್ಕಿಯ ಹೋಟೆಲುಗಳೆಲ್ಲ ಆಗಲೇ ಕುತುಬೋದ್ದೀನನ ‘ನೌಬತ್ ಚಹಾ’ಕ್ಕೆ ಹೊರಳಿಬಿಟ್ಟಿದ್ದವು. ಉಳಿದದ್ದು ಔರಾದ ಒಂದೇ. ಅಲ್ಲಿ ಬಸ್‌ಸ್ಟ್ಯಾಂಡ್ ಎದುರಿನ ಕೈಲಾಶನ ಹೋಟೆಲಿನಲ್ಲಿ ಯಾವ ಪುಡಿ ಕುದಿಯುತ್ತದೋ ತಾಲ್ಲೂಕಿನ ಉಳಿದ ಹೋಟೆಲುಗಳಲ್ಲೂ ಅದೇ ಕುದಿಯುತ್ತದೆ. ಆ ಕೈಲಾಶ ಈಗ ಯಾವ ಪುಡಿ ಎಂದು ತೂಗಿ ನೋಡುತ್ತಿದ್ದ. ಶನಿವಾರ ಡಾಬಕಾಕ್ಕೆ ಬರುವವನಿದ್ದ. ಅವನ ಕಣ್ಣಿಗೆ ‘ಖಾಸಾ’ ಬೀಳದೆ ‘ನೌಬತ್’ ಬಿದ್ದರೆ, ಮಕ್ಸೂದ ಚೌಬಾರಾದ ಬುಡದಲ್ಲಿ ಕುಳಿತು ತನ್ನ ಚಹಾ ತಾನೇ ಕುಡಿಯಬೇಕಾಗಿತ್ತು.

ಮಕ್ಸೂದ: ನಾ ಟಿ.ವಿ.ದಾಗ ನೋಡೇನಿ. ಪರದೇಶದ ಕಾರ್ ರೇಸಿನ್ಯಾಗ ಕಂಪನಿ ಹೆಸರು ಮೊದಲ ಬರ್ತದ, ಟೀಮಿನ ಹೆಸರು ಆಮ್ಯಾಲ. ಅದಕ್ಕ ಟೈಟಲ್ ಸ್ಪಾನ್ಸರ್ ಅಂತಾರ. ಗಾಡಿ ಯಾರ್ದರೆ ಇರಲಿ, ಓಡ್ಸಾಂವ ಯಾರರೆ ಇರಲಿ, ಮಂದಿ ಬಾಯಾಗ ಕಂಪನಿ ಹೆಸರು.

ವಸಂತ: ಹಂಗಾರ ನಮ್ಮ ಟೀಮಿಗಿ ಏನಂತ ಹೆಸರಿಡ್ತೀರಿ?

ಮಕ್ಸೂದ: ‘ಖಾಸಾ ಚಹಾ ಮೆಹಕರ ರೇಸಿಂಗ್ ಟೀಮ್.’

ವಸಂತ: ಬಾನೆಟ್ ಮ್ಯಾಲ ‘ಆಯಿ ಆಶೀರ್ವಾದ’ ಅಂತ ಬರಸೇನ್ರಿ. ನಮ್ಮ ಆಯಿ, ನನ್ನ ಹಡದಾಕಿ, ಅಂಬೂಬಾಯಿದು.

ಮಕ್ಸೂದ: ಆಶೀರ್ವಾದ ತಲಿ ಮ್ಯಾಲ ಇರಬೇಕು, ಬಾನೆಟ್ ಮ್ಯಾಲ ಅಲ್ಲ. ಆಯಿಗಿ ನನ್ನ ಸಲಾಮ್ ಹೇಳಿ ಬಾನೆಟ್ ಖಾಲಿ ಮಾಡಸು.

ವಸಂತ: ಆಕಿ ಮೊದಲೇ ಒಪ್ಯಾಳ್ರಿ.

ಮಕ್ಸೂದ: ಒಪ್ಯಾಳ? ಇಷ್ಟು ಲಗೂ?

ವಸಂತ: ‘ರೇಸಿನ ದಿನ ಅದನ್ನ ಯಾರ್ ಓದ್ತಾರ, ಅಳಸಿ ಹಾಕು’ ಅಂದ್ಲು.

ಮಕ್ಸೂದ: ಓದ್ಲಿಕ್ಕ ಬರಂಗಿಲ್ಲಂದ್ರ ಚಿತ್ರ ಬರಸೋಣು. ಬಿಸಿ ಚಹಾದ ಕಪ್ಪು, ಮ್ಯಾಲ ಹೊಗಿ. ನನ್ನ ಕಡಿ ನೋಡಿ ಮಾತಾಡೋ ತಮ್ಮಾ! ಆಗ್ಲಿಂದ ಆ ಡಬ್ಬಿಗೋಳ ಜೋಡಿ ಮಾತಾಡ್ಲತ್ತಿ.

ವಸಂತನ ಮುಖ ಬಲಭುಜದ ಮೇಲೆ ಕೂತುಬಿಟ್ಟಿತ್ತು. ಮಾತು ಸೇಠನಿಗೆ, ನೋಟ ಹಿಂದಿನ ಕಪಾಟಿಗೆ.

ವಸಂತ: ಮಾಫ್ ಮಾಡ್ರಿ, ಕುತ್ತಿಗಿ ತಿರಗವಲ್ದು. ಪ್ರಾಕ್ಟೀಸ್ ಮಾಡಿ ಮಾಡಿ ಹಿಂಗೇ ನಿಂತದ.

ಮಕ್ಸೂದ: ಓಡೋದು ಗಾಡಿ. ಕುತ್ತಿಗಿಗಿ ಯಾಕ ಪ್ರಾಕ್ಟೀಸ್?

ವಸಂತ: ಹಿಂದ ನೋಡಬೇಕಲ್ರಿ.

ಮಕ್ಸೂದ: ಅದಕ್ಕೇ ನೀವು ಸೋಲ್ತೀರಿ! ಹಿಂದ ಬರಾವ್ರನ್ನ ನೋಡ್ಕೋತ ಓಡಿದಂವ ಯಾವತ್ತರೆ ಗೆದ್ದಾನೇನು?

ವಸಂತ: ಹಿಂದ ನೋಡಿದಂವೇ ಗೆಲ್ಲೋದ್ರಿ. ಮುಂದ ನೋಡಿದಂವ ಗೆರಿ ತುಳದು ಔಟ್ ಆಗ್ತಾನ.

ಮಕ್ಸೂದ: ಜಾಹೇದಾ, ಕೇಳ್ದೇನು? ಟ್ರ್ಯಾಕ್ಟರ್ ಹೊಡ್ಯಾಂವ ಕೀರ್ತನಿ ಹೇಳ್ಲತ್ತಾನ!

ಗಲ್ಲೆಯ ಆಚೆ ಒಂದು ಮೂಲೆಯಲ್ಲಿ ಜಾಹೇದಾ ಕುಳಿತು ಶುಂಠಿ, ಏಲಕ್ಕಿ, ಲವಂಗ ಕುಟ್ಟಿದ ಪುಡಿಯನ್ನು ಪುಟ್ಟ ಪಾಕೀಟುಗಳಿಗೆ ತುಂಬುತ್ತಿದ್ದಳು. ಚಹಾಕ್ಕೆ ಹಾಕುವ ಈ ಮಸಾಲೆ ಅವಳದೇ ಕೈಗುಣ. ಮಕ್ಸೂದನ ಲೆಕ್ಕದಲ್ಲಿ ಅದು ವ್ಯಾಪಾರವಲ್ಲ, ಹೆಂಗಸಿನ ಹೊತ್ತುಗಳೆಯುವ ಹವ್ಯಾಸ. ಕಪಾಟಿನ ಎಲ್ಲಕ್ಕಿಂತ ಕೆಳಗಿನ ಹಲಗೆ ಅದಕ್ಕೆ ಸಾಕು. ಮನೆಯಲ್ಲಿ ಅವರಿಬ್ಬರದು ದಖನಿ ಮಾತು, ಅಂಗಡಿಯಲ್ಲಿ ಕನ್ನಡ. ಜಾಹೇದಾ ಔರಾದದ ಮಗಳು, ಕನ್ನಡದಲ್ಲಿ ಅವಳ ನಾಲಿಗೆ ಗಂಡನದಕ್ಕಿಂತ ಹರಿತ. ಹಾಗಾಗಿ ಗಿರಾಕಿಗಳ ಎದುರಿಗೆ ಅವಳು ಬಾಯಿ ತೆರೆಯದಿದ್ದರೇ ಅವನಿಗೆ ಸಮಾಧಾನ.

ಜಾಹೇದಾ: ಅಜೀ, ಇವ್ರು ಹೇಳೋದು ಖರೇನೇ ಅದ. ಆ ರೇಸು—

ಮಕ್ಸೂದ: ಸೌದಾದಾಗ ಬಾಯಿ ಹಾಕ್ಬ್ಯಾಡ.

ಜಾಹೇದಾ: ಬಾಯಿ ಹಾಕ್ಲಿಕ್ಕತ್ತಿಲ್ರಿ. ನಮ್ಮ ತವರಿನ ಕಡಿ ರೇಸು ಅಂದ್ರ—

ಮಕ್ಸೂದ: ತವರಿನ ಕತಿ ರಾತ್ರಿ ಹೇಳು. ನಿದ್ದಿ ಲಗೂ ಬರ್ತದ. ಹಾಂ ವಸಂತಾ, ಮುಂದಿಂದಕ್ಕ ಏನ್ ಬೇಕು ನಿನಗ?

ವಸಂತ: ಟೀಮಿನವ್ರಿಗೆಲ್ಲಾ ಒಂದೊಂದು ಟೀ ಶರ್ಟು. ವರ್ಷಪೂರ್ತಿ ಚಹಾಪುಡಿ. ಸಾಕ್ರಿ.

ಮಕ್ಸೂದ: ಸಾಕು? ಮತ್ತ ಹಿಂದಿಂದಕ್ಕ?

ವಸಂತ: ಹಿಂದಿನ ಫಾಳಕಾ ಬೇಕಂದ್ರ ವರ್ಷದ ಡೀಸೆಲ್ ಹಾಕಸಬೇಕು, ಟ್ರಾಲಿಗಿ ಹೊಸ ಟೈರ್ ಹಾಕಸಬೇಕು.

ಫಾಳಕಾ ಎಂದರೆ ಟ್ರಾಲಿಯ ಹಿಂಬದಿಗೆ ಕೀಲು ಹಾಕಿ ನಿಲ್ಲಿಸುವ ಅಗಲವಾದ ಹಲಗೆ. ಕಬ್ಬು ಇಳಿಸುವಾಗ ಅದನ್ನು ಕೆಳಗೆ ಬಿಡುತ್ತಾರೆ. ಅಂಥ ಹಲಗೆಗೆ ಡೀಸೆಲ್ಲು, ಟೈರು. ಗಾಡಿಯ ಮುಖಕ್ಕೆ ಬರೀ ಟೀ ಶರ್ಟು, ಚಹಾಪುಡಿ! ಮಕ್ಸೂದನಿಗೆ ಒಳಗೊಳಗೇ ಬೆಲ್ಲ ತಿಂದಂತಾಯಿತು. ಎಷ್ಟೋ ವರ್ಷ ಗಲ್ಲೆಯ ಮೇಲೆ ಕುಳಿತವನಿಗೆ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಬಂಗಾರವನ್ನು ತವರದ ದರಕ್ಕೆ ಮಾರುವವನನ್ನು ಕಂಡರೆ ವ್ಯಾಪಾರಿಯಾದವನು ಎರಡು ಕೆಲಸ ಮಾಡಬೇಕು. ಮೊದಲು ನಗು ತಡೆಯಬೇಕು, ಆಮೇಲೆ ಇನ್ನೂ ಸ್ವಲ್ಪ ಚೌಕಾಶಿ ಮಾಡಬೇಕು.

ಮಕ್ಸೂದ: ಟೀ ಶರ್ಟಿನ ಮ್ಯಾಲೂ ಖಾಸಾ ಅಂತ ಇರಬೇಕು. ಎದಿ ಮ್ಯಾಲ.

ವಸಂತ: ಬೆನ್ನ ಮ್ಯಾಲ ಹಾಕಸ್ರಿ. ನಾ ಹಿಂದ ತಿರಗಿ ಕೂತಿರ್ತೇನಿ, ಎದಿ ಕಾಣಂಗಿಲ್ಲ. ಬೆನ್ನೂ ಅರ್ಧಾನೇ ಕಾಣ್ತದ, ಖರೇ ಹೇಳ್ಬೇಕಂದ್ರ.

ಮಕ್ಸೂದ: ಎದಿ ಅಂದ್ರ ಎದಿ! ನೀ ಏನು ಮುಂದಿಂದು ಅಂದ್ರ ಹಾವು ಕಂಡಂಗ ಮಾಡ್ತಿ?

ವಸಂತ: ನಿಮ್ಮ ಮನಸ್ಸು. ಕುತುಬೋದ್ದೀನ ಸೇಠ್ರು ಹಂಗಲ್ಲ ನೋಡ್ರಿ. ಬಂದೋರೇ ‘ಹಿಂದಿಂದೇ ಬೇಕು’ ಅಂದ್ರು. ನಾಳಿಗಿ ಹೇಳ್ತೇನಿ ಅಂದೀನಿ.

ಮಕ್ಸೂದ ಗಲ್ಲೆಯ ಮೇಲೆ ಅಂಗೈ ಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಮಕ್ಸೂದ: ಕುತುಬೋದ್ದೀನಗ ಹಿಂದಿನ ಹಲಗಿ! ಕೊಟ್ಟುಬಿಡು, ತಮ್ಮಾ, ಕೊಟ್ಟುಬಿಡು! ಡೀಸೆಲ್ಲೂ ತೊಗೊ, ಟೈರೂ ತೊಗೊ. ನನ್ನ ಹೆಸರು ಮುಂದ ಓಡಬೇಕು, ಅವನ ಹೆಸರು ನನ್ನ ಹಿಂದ ಧೂಳು ಕುಡಕೋತ ಬರಬೇಕು. ಇದಕ್ಕಿಂತ ಜನ್ನತ್ ಬ್ಯಾರೆ ಅದಾನು?

ಜಾಹೇದಾ: ನಗೋದು ನಿಲ್ಲಿಸಿ ಒಂದ್ ಮಾತು ಕೇಳ್ರಿ. ಆ ಫಾಳಕಾ ಕುತುಬೋದ್ದೀನಗ ಬಿಡಬ್ಯಾಡ್ರಿ.

ಮಕ್ಸೂದ: ಬಾಯಿ!

ಜಾಹೇದಾ: ಆತ್ರಿ. ಇನ್ನ ಹೇಳಂಗಿಲ್ಲ.

ಮಕ್ಸೂದ: ಹೇಳಬ್ಯಾಡ. ಗಾಡಿಗಿ ಮುಂದಿಂದೇ ಮುಖ, ಅಂಗಡಿಗಿ ಮುಂದಿಂದೇ ಬೋರ್ಡು, ಬಜಾರದಾಗ ಗಂಡನೇ ಮುಂದ, ಹೆಂಡತಿ ಹಿಂದ. ಲೋಕ ನಡಿಯೋದು ಹಿಂಗ. ವಸಂತಾ, ಕೈ ಕೊಡು.

ವಸಂತ ಕೈ ಕೊಟ್ಟ, ಮುಖ ಮಾತ್ರ ಇನ್ನೂ ಡಬ್ಬಿಗಳ ಕಡೆಗೇ ಇತ್ತು. ಟೀ ಶರ್ಟಿನ ದರ ಕೇಳಿ ಬರುತ್ತೇನೆಂದು ಮಕ್ಸೂದ ಎರಡು ಅಂಗಡಿ ಆಚೆ ಹೋದ. ಮರಳಿ ಬಂದಾಗ ಅವರಿಬ್ಬರೂ ನಗುತ್ತಿದ್ದರು. ವಸಂತನ ಕೈಯಲ್ಲಿ ಒಂದು ಎಣ್ಣೆಯ ಬಾಟಲಿ, ಕಂಕುಳಲ್ಲಿ ಭಾರವಾದ ಒಂದು ಚೀಲ.

ಮಕ್ಸೂದ: ಏನದು?

ಜಾಹೇದಾ: ಎಣ್ಣಿ. ಕುತ್ತಿಗಿಗಿ ಹಚ್ಕೋಲಿ ಅಂತ ಕೊಟ್ಟೆ.

ಮಕ್ಸೂದ: ಮತ್ತ ಚೀಲ?

ವಸಂತ: ಜಾಹೇದಾ ಆಪಾನ ಜೋಡಿ ಒಂದ್ ಸಣ್ಣ ಸೌದಾ ಆತ್ರಿ.

ಮಕ್ಸೂದ: ನಿನ್ನ ಜೋಡಿ? ಎಂಥಾ ಸೌದಾ?

ಜಾಹೇದಾ: ಸೌದಾದಾಗ ಬಾಯಿ ಹಾಕ್ಬ್ಯಾಡ್ರಿ.

ಮಕ್ಸೂದ ಅದನ್ನು ಹಚ್ಚಿಕೊಳ್ಳಲಿಲ್ಲ. ಹತ್ತು ಪಾಕೀಟು ಮಸಾಲೆ ಮಾರಿದ್ದಾಳು, ಹೆಣ್ಣುಮಕ್ಕಳ ಖುಷಿ ಎಂದುಕೊಂಡ. ಗೆದ್ದವನು ಚಿಲ್ಲರೆ ಎಣಿಸುವುದಿಲ್ಲ.

ಶನಿವಾರ ಡಾಬಕಾದ ಹೊರಗೆ, ತೊಗರಿ ಕೊಯ್ದು ಬಯಲಾದ ಹೊಲದಲ್ಲಿ ಜನವೋ ಜನ. ಗಾಡಿ ನಿಲ್ಲಿಸಿದ ಜಾಗದಿಂದ ಮಕ್ಸೂದ ಹೊಸ ಶೇರ್ವಾನಿ ತೊಟ್ಟು ಮುಂದೆ ನಡೆದ. ಜಾಹೇದಾ ಬುರ್ಖಾದ ತುದಿ ಎತ್ತಿಹಿಡಿದು ಎಂದಿನ ಹಾಗೆ ಹಿಂದೆ.

ಜಾಹೇದಾ: ಕೊನೀ ಸಲ ಕೇಳ್ತೇನಿ. ಈ ರೇಸು ಹ್ಯಾಂಗ ಇರ್ತದ ನಿಮಗ ಗೊತ್ತದಾನು?

ಮಕ್ಸೂದ: ಗಾಡಿ ಓಡ್ತಾವ. ಛಲೋ ಓಡಿದಂವ ಗೆಲ್ತಾನ. ನನಗ ಗೊತ್ತಿಲ್ದದ್ದು ಅದರಾಗೇನದ?

ಜಾಹೇದಾ: ಏನೂ ಇಲ್ರಿ. ಮುಂದ ನಡೀರಿ.

ಕಬ್ಬಿನ ಹಾಲಿನ ಗಾಡಿಯ ಹತ್ತಿರ ಕುತುಬೋದ್ದೀನ ನಿಂತಿದ್ದ. ಅವನ ಮುಖ ಹಾಲು ಒಡೆದ ಚಹಾದಂತಿತ್ತು.

ಮಕ್ಸೂದ: ಸಲಾಮ್, ಕುತುಬ್ ಭಾಯಿ! ಧೂಳು ಕುಡೀಲಿಕ್ಕ ಬಂದ್ರೇನು?

ಕುತುಬೋದ್ದೀನ: ನಿಮ್ಮಂಥಾ ಖಿಲಾಡಿ ನಾ ನೋಡಿಲ್ಲ, ಮಕ್ಸೂದ ಭಾಯಿ. ಬಾಯಿಗಿ ಬಂದ ತುತ್ತು ಕಸಗೊಂಡ್ರಿ. ಮ್ಯಾಲ ನಗ್ತೀರಿ.

ಮಕ್ಸೂದ: ವ್ಯಾಪಾರ ಅಂದ್ರ ಹಿಂಗೇ. ಕಣ್ಣಿದ್ದಂವ ಛಲೋ ಜಾಗಾ ಹಿಡೀತಾನ.

ಕುತುಬೋದ್ದೀನ: ಬಜಾರಕ್ಕೆಲ್ಲಾ ಬಾನೆಟ್ ಬಾನೆಟ್ ಅಂತ ಡಂಗುರಾ ಹೊಡದ್ರಿ. ನಾನೂ ನಂಬಿದೆ. ನನ್ನಂಥಾ ಹುಚ್ಚ ಯಾರಿಲ್ಲ.

ಮಕ್ಸೂದ: ನಿಮ್ಮನ್ನ ನೀವೇ ಇಷ್ಟು ಬೈಕೋಬ್ಯಾಡ್ರಿ. ನಾವ್ ಅದೀವಲ್ಲ.

ಸೋತವನ ಹೊಗಳಿಕೆಯಷ್ಟು ರುಚಿ ಯಾವ ಮಿಠಾಯಿಗೂ ಇಲ್ಲ. ಅದನ್ನು ಚಪ್ಪರಿಸುತ್ತ ಮಕ್ಸೂದ ಮೈದಾನದೊಳಕ್ಕೆ ಹೋದ. ಚೀಟಿ ಎತ್ತಿದಾಗ ಮೊದಲ ಸರದಿ ವಸಂತನಿಗೇ ಬಂದಿತ್ತು. ಎರಡು ಸುಣ್ಣದ ಗೆರೆಗಳ ನಡುವೆ ಟ್ರ್ಯಾಕ್ಟರ್ ಸಿದ್ಧವಾಗಿ ನಿಂತಿತ್ತು. ಬಾನೆಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ‘ಖಾಸಾ ಚಹಾ’. ಕೆಳಗೆ ಚಹಾದ ಕಪ್ಪಿನ ಚಿತ್ರ, ಅದರ ಮೇಲೆ ಹೊಗೆ. ಮಕ್ಸೂದನಿಗೆ ಕಣ್ತುಂಬಿತು. ಟ್ರಾಲಿಯ ಹಿಂದೆ ಹೋಗಿ ನೋಡುವ ದರ್ದು ಅವನಿಗಿರಲಿಲ್ಲ.

ಮಕ್ಸೂದ: ವಸಂತಾ, ಟ್ರಾಲಿ ಯಾಕ ಕಟ್ಟಿದಿ? ಬಿಚ್ಚು, ಹಗುರಾಗಿ ಓಡ್ತದ.

ವಸಂತ: ಟ್ರಾಲಿ ಬಿಚ್ಚಿದ್ರ ರೇಸೇ ಇಲ್ರಿ. ಅದನ್ನ ಸಂಭಾಳಸೋದೇ ರೇಸು.

ಮಕ್ಸೂದ: ಮಂದಿ ಎಲ್ಲಾ ಆ ಕಡಿ ಹಿಂದ ಯಾಕ ನಿಂತದ? ಈ ಕಡಿ ಮುಂದ ಯಾರೂ ಇಲ್ಲ. ಕರೀಲಾ?

ವಸಂತ: ಕರದ್ರೂ ಬರಂಗಿಲ್ರಿ. ನೀವೂ ಆ ಕಡಿ ಹೋಗ್ರಿ, ಆಪಾ ಆಗ್ಲೇ ಹೋಗ್ಯಾರ.

ಮಕ್ಸೂದ: ನಾ ಟೈಟಲ್ ಸ್ಪಾನ್ಸರ್. ನಾ ಮುಂದೇ ಕೂಡಾಂವ.

ಅವನು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಾನೆಟ್ಟಿಗೆ ಮುಖ ಮಾಡಿ, ಬೇಕಷ್ಟು ದೂರದಲ್ಲಿ ಕುಳಿತ. ಆ ತುದಿಯಲ್ಲಿ ಅವನ ಜೊತೆಗಿದ್ದದ್ದು ಒಬ್ಬಳೇ; ವಸಂತನ ತಾಯಿ ಅಂಬೂಬಾಯಿ, ಗದ್ದಲ ಸೇರದ ಮುದುಕಿ, ಬೇವಿನ ನೆರಳಿನಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಸೀಟಿ ಕೂಗಿತು. ಮಕ್ಸೂದ ಎದ್ದುನಿಂತು ಎರಡೂ ಕೈ ಚಾಚಿದ, ಬರುವ ಮಗನನ್ನು ಎತ್ತಿಕೊಳ್ಳುವವನ ಹಾಗೆ.

ಟ್ರ್ಯಾಕ್ಟರ್ ಗುಡುಗಿತು, ಕಪ್ಪು ಹೊಗೆ ಉಗುಳಿತು, ಅವನನ್ನು ಬಿಟ್ಟು ದೂರ ಓಡಿತು.

ಮಕ್ಸೂದ: ಏ! ಈ ಕಡಿ! ಈ ಕಡಿ ಬಾರೋ! ಹಿಂದ ಹೊಂಟಾನ! ಬ್ರೇಕ್ ಹಿಡಿ!

ಅಂಬೂಬಾಯಿ: ಯಾಕ್ರಿ ಸೇಠ್ರ, ಇಷ್ಟು ಬಾಯಿ ಮಾಡ್ಲತ್ತೀರಿ?

ಮಕ್ಸೂದ: ನಿಮ್ಮ ಮಗ ಗೇರ್ ತಪ್ಪಿ ಹಾಕ್ಯಾನ, ಆಯಿ!

ಅಂಬೂಬಾಯಿ: ತಪ್ಪಿಲ್ರಿ, ಬರೋಬರಿ ಹಾಕ್ಯಾನ. ಟ್ರಾಲಿ ಕಟಗೊಂಡು ಹಿಂದಕ್ಕೇ ಓಡಸೋ ರೇಸ್ ಇದು. ಗೆರಿ ತುಳೀದಂಗ ಯಾರು ಲಗೂ ಹೋಗಿ ಮುಟ್ತಾರೋ ಅವ್ರು ಗೆದ್ದಂಗ. ನಿಮಗ ಯಾರೂ ಹೇಳಿಲ್ಲೇನು?

ಮಕ್ಸೂದ: ಇಲ್ಲ! ಒಬ್ರೂ ಹೇಳಿಲ್ಲ!

ಅಂಬೂಬಾಯಿ: ಎಲ್ಲಾರ್ಗೂ ಗೊತ್ತಿದ್ದದ್ದು ಯಾರ್ ಹೇಳ್ತಾರ್ರಿ? ಮದವಿ ಮನಿಗಿ ಬಂದೋರಿಗಿ ‘ಮದುಮಗ ಗಂಡಸು’ ಅಂತ ಹೇಳ್ತಾರೇನು?

ಮಕ್ಸೂದನ ಕಣ್ಣೆದುರಿಗೆ ಕೆಂಪು ಅಕ್ಷರ ಸಣ್ಣದಾಗುತ್ತ ಹೋಯಿತು. ದೊಡ್ಡ ಗಾಲಿಗಳು ಎಬ್ಬಿಸಿದ ಧೂಳೆಲ್ಲ ಬಾನೆಟ್ಟಿನ ಮೇಲೇ ಬಂದು ಕೂಡುತ್ತಿತ್ತು. ಮೊದಲು ಚಿತ್ರದ ಹೊಗೆ ಮುಚ್ಚಿತು, ಆಮೇಲೆ ಚಹಾದ ಕಪ್ಪು, ಆಮೇಲೆ ‘ಖಾಸಾ’. ಜಗತ್ತಿನಲ್ಲಿ ಅದನ್ನು ಓದಿದವರು ಇಬ್ಬರೇ, ಅದರಲ್ಲಿ ಒಬ್ಬಳಿಗೆ ಅಕ್ಷರ ಬರುತ್ತಿರಲಿಲ್ಲ.

ಅಂಬೂಬಾಯಿ: ಎಲಿ ತಿಂತೀರೇನು?

ಮಕ್ಸೂದ: ವಿಷ ಇದ್ರ ಕೊಡ್ರಿ. ಆಯಿ, ಹಿಂದಿನ ಫಾಳಕಾದ ಮ್ಯಾಲ ಯಾರ ಹೆಸರದ? ಕುತುಬೋದ್ದೀನಂದೇ?

ಅಂಬೂಬಾಯಿ: ಗಂಡಸಂದಲ್ರಿ. ಪ್ಯಾಟಿ ಹೆಣ್ಮಗಳೊಬ್ಬಾಕಿ. ಭಾಳ ಚುರುಕು. ಡೀಸೆಲ್ಲಿಗಿ, ಟೈರಿಗಿ ಅಂತ ತಾ ಕೂಡಿಟ್ಟ ರೊಕ್ಕಾ ಚೀಲ ತುಂಬಿ ಕೊಟ್ಲಂತ. ‘ಅಕ್ಷರ ಇನ್ನೂ ದೊಡ್ಡದು ಬರೀರಿ’ ಅಂತ ಫೋನಿನ್ಯಾಗೇ ಪೇಂಟರ್‌ನ ಜೀವಾ ತಿಂದ್ಲಂತ.

ಶೇರ್ವಾನಿ ಎತ್ತಿ ಹಿಡಿದು ಮಕ್ಸೂದ ಸುಣ್ಣದ ಗೆರೆಯ ಗುಂಟ ಓಡಿದ. ಅವನು ಅರ್ಧ ದಾರಿಯಲ್ಲಿರುವಾಗಲೇ ಆ ತುದಿಯಲ್ಲಿ ಕೇಕೆ ಎದ್ದಿತು. ಮೈಕಿನವನು ಕೂತಿದ್ದದ್ದು ಮುಟ್ಟುವ ಗೆರೆಯ ಹತ್ತಿರ. ಎದುರಿಗೆ ಬಂದದ್ದನ್ನು ಓದುವುದಷ್ಟೇ ಅವನ ಕೆಲಸ.

ಮೈಕು: ಬಂತು ನೋಡ್ರಿ, ಬಂತು! ಒಂದೂ ಗೆರಿ ತುಳದಿಲ್ಲ! ಜಾಹೇದಾ ಚಹಾ ಮಸಾಲಾ ಮೆಹಕರ ಟೀಮ್! ಎಲ್ಲಾರು ಚಪ್ಪಾಳಿ ಹೊಡೀರಿ, ಜಾಹೇದಾ ಚಹಾ ಮಸಾಲಾ!

ಏದುಸಿರು ಬಿಡುತ್ತ ಅವನು ಮುಟ್ಟಿದಾಗ ಹಳದಿ ಫಾಳಕಾದ ತುಂಬ ಹಸಿರು ಅಕ್ಷರ ಹೊಳೆಯುತ್ತಿದ್ದವು, ಒಂದು ಧೂಳಿನ ಕಣವಿಲ್ಲದೆ. ಅದರ ಮುಂದೆ ಜಾಹೇದಾ. ಅವಳ ಸುತ್ತ ಹೋಟೆಲಿನವರು. ನಡುವೆ ಔರಾದದ ಕೈಲಾಶ, ಅಂಗೈಯಲ್ಲಿ ಮಸಾಲೆ ಹಾಕಿಕೊಂಡು ಮೂಸುತ್ತಿದ್ದ. ಕುತುಬೋದ್ದೀನನೂ ಆಗಲೇ ಮೊಣಕೈಯಿಂದ ದಾರಿ ಮಾಡಿಕೊಂಡು ಅಲ್ಲಿಗೆ ಬಂದಿದ್ದ.

ಕೈಲಾಶ: ಆಪಾ, ಮಾಲು ಭಾಳ ಜೋರದ. ನೀವು ನಮ್ಮ ಔರಾದದ ಮಗಳು ಅಂತ ಈಗ ಗೊತ್ತಾತು. ಇದಕ್ಕ ಯಾವ ಚಹಾಪುಡಿ ಹಾಕಬೇಕು ಹೇಳ್ರಿ. ನೀವು ಹೇಳಿದ್ದೇ ನಮ್ಮ ಹೋಟ್ಲಿನ್ಯಾಗ.

ಕುತುಬೋದ್ದೀನ: ನೌಬತ್ ಹಾಕ್ರಿ, ಕೈಲಾಶ್! ಈ ಮಸಾಲಿಗಿ ನೌಬತ್ ಅಂದ್ರ ಜೋಡಿ ಎತ್ತು ಇದ್ದಂಗ.

ಮಕ್ಸೂದ: ಏ, ಏ! ಯಾರ ಮನಿ ಮಸಾಲಿಗಿ ಯಾರ ಚಹಾ?

ಕೈಲಾಶ: ಇವ್ರ್ಯಾರ್ರಿ, ಆಪಾ?

ಜಾಹೇದಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಶೇರ್ವಾನಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಹುಬ್ಬಿನ ಮೇಲೆ ಧೂಳು ಕೂತಿತ್ತು. ಉತ್ತರ ಕೊಡುವ ಅವಸರ ಅವಳಿಗೆ ಇದ್ದಂತೆ ಕಾಣಲಿಲ್ಲ. ಮಕ್ಸೂದ ಅವಳ ಕಿವಿಯ ಹತ್ತಿರ ಬಂದ.

ಮಕ್ಸೂದ: ಹೇಳು! ಖಾಸಾ ಅಂತ ಹೇಳು!

ಜಾಹೇದಾ: ಹೇಳ್ಲಾ? ಸೌದಾ ನಡದದಲ್ರಿ. ಬಾಯಿ ಹಾಕಬಹುದೇನು?

ಮಕ್ಸೂದ: ಹಾಕು, ಹಾಕು. ಎರಡೂ ಹಾಕು.

ಜಾಹೇದಾ: ಎರಡು ಬಾಯಿ ಇಲ್ರಿ ನನಗ. ಒಂದೇ ಇತ್ತು, ಅದಕ್ಕೇ ನೀವು ಕೀಲಿ ಹಾಕಿದ್ರಿ.

ಮಕ್ಸೂದ: ತಪ್ಪಾತು. ಎಲ್ಲಾ ಮನಿಗಿ ಹೋಗಿ ಬೈ. ಈ ಮನಷ್ಯಾ ಹೋದ್ನಂದ್ರ ಔರಾದ ಹೋತು. ಔರಾದ ಹೋತಂದ್ರ ಅಂಗಡಿ ಹೋತು!

ಜಾಹೇದಾ: ಮಸಾಲಿ ಎಲ್ಲಿ ಇಡ್ತೀರಿ ಇನ್ನ ಮುಂದ? ಕೆಳಗಿನ ಹಲಗಿ ಮ್ಯಾಲ?

ಮಕ್ಸೂದ: ಮ್ಯಾಲಿನ ಹಲಗಿ. ಎಲ್ಲಾ ಹಲಗಿ.

ಜಾಹೇದಾ: ಮತ್ತ ಅಂಗಡಿ ಬೋರ್ಡಿನ ಮ್ಯಾಲ? ಅದೇನೋ ಅಂತೀರಲ್ಲ ನೀವು, ಟೈಟಲ್?

ಮಕ್ಸೂದ ಕುತುಬೋದ್ದೀನನನ್ನು ನೋಡಿದ. ಕುತುಬೋದ್ದೀನ ಕೈಲಾಶನ ಹೆಗಲ ಮೇಲೆ ಕೈ ಹಾಕುವುದರಲ್ಲಿದ್ದ.

ಮಕ್ಸೂದ: ನಿಂದು! ಮೊದಲ ನಿನ್ನ ಹೆಸರು, ಆಮ್ಯಾಲ ನಂದು!

ಜಾಹೇದಾ: ಕೈಲಾಶ ಅಣ್ಣಾ, ಇವ್ರು ನಮ್ಮ ಮನಿಯವ್ರು. ಇವ್ರದು ಖಾಸಾ ಚಹಾ. ಅದರಾಗ ಹಾಕಿದ್ರೇ ನನ್ನ ಮಸಾಲಿಗಿ ರುಚಿ. ಬ್ಯಾರೆ ಪುಡಿಗಿ ಹಾಕ್ತೇನಂದ್ರ ಮಸಾಲಿ ನಾ ಕೊಡಂಗಿಲ್ಲ.

ಕೈಲಾಶ: ಹಂಗಾರ ಖಾಸಾನೇ ಕಳಸ್ರಿ. ಸೋಮವಾರದಿಂದ.

ಮಕ್ಸೂದನ ಜೀವ ಶೇರ್ವಾನಿಯೊಳಕ್ಕೆ ಮರಳಿ ಬಂತು. ಆದರೆ ಕೈಲಾಶನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು.

ಕೈಲಾಶ: ಅಲ್ರಿ ಸೇಠ್ರ, ಇಷ್ಟು ದೊಡ್ಡ ರೇಸಿನ್ಯಾಗ ನಿಮ್ಮ ಹೆಸರು ಎಲ್ಲೂ ಕಾಣ್ಲಿಲ್ಲಲ್ಲ. ಹೆಂಡರ ಹೆಸರಿಗಿ ಇಷ್ಟು ಖರ್ಚು ಮಾಡೀರಿ, ನಿಮ್ಮದೂ ಒಂದ್ ಕಡಿ ಹಾಕಸಬಾರ್ದಾಗಿತ್ತಾ?

ಮಕ್ಸೂದ: ಹಾಕ್ಸೀನಿ. ಮುಂದ ಅದ.

ಕೈಲಾಶ: ಮುಂದ ಯಾರ್ ನೋಡ್ತಾರ್ರಿ?

ಅಷ್ಟರಲ್ಲಿ ವಸಂತ ಟ್ರ್ಯಾಕ್ಟರಿನಿಂದ ಜಿಗಿದು ಬಂದ. ಎಣ್ಣೆ ಹಚ್ಚಿಯೂ ಅವನ ಕುತ್ತಿಗೆ ಸಡಿಲಾಗಿರಲಿಲ್ಲ. ಮಕ್ಸೂದನ ಎದುರಿಗೆ ನಿಂತು, ಬಲಗಡೆ ಇದ್ದ ಕುತುಬೋದ್ದೀನನ ಕಣ್ಣಲ್ಲಿ ಕಣ್ಣಿಟ್ಟು ಕೂಗಿದ:

ವಸಂತ: ಸೇಠ್‌ಜಿ, ಇಲ್ಲೀತನಾ ನಮ್ಮದೇ ಮೊದಲ ನಂಬರ್!

ಕುತುಬೋದ್ದೀನ: ಇಲ್ಲೀತನಾ ಇನ್ನೊಂದ್ ಗಾಡಿ ಇಳದೇ ಇಲ್ಲಲ್ಲೋ! ನನಗ ಯಾಕ ಹೇಳ್ತಿ?

ವಸಂತ: ನಿಮಗಲ್ರಿ, ಅವ್ರಿಗಿ.

ಕುತುಬೋದ್ದೀನ: ಮಕ್ಸೂದ ಭಾಯಿ, ಖರೇ ಹೇಳ್ರಿ. ಮಿಯಾ ಬಾನೆಟ್ ಮ್ಯಾಲ ಗದ್ಲ ಹಾಕೋದು, ಬೀಬಿ ಹಿಂದಿಂದು ಹೊಡ್ಯೋದು. ಈ ಐಡಿಯಾ ಯಾರ್ದು?

ಮಕ್ಸೂದ ಶೇರ್ವಾನಿಯ ಧೂಳು ಕೊಡವಿದ. ಖಿಲಾಡಿ ಎಂಬ ಬಿರುದು ಕೈಗೆ ಬಂದಿದೆ, ಪುಕ್ಕಟೆ ಬಂದಿದೆ. ಪುಕ್ಕಟೆ ಬಂದದ್ದನ್ನು ಬಿಟ್ಟು ಅವನಿಗೆ ಅಭ್ಯಾಸವಿರಲಿಲ್ಲ. ಜಾಹೇದಾ ಅವನನ್ನೇ ನೋಡುತ್ತಿದ್ದಳು.

ಮಕ್ಸೂದ: ಸೌದಾದ ಗುಟ್ಟು, ಕುತುಬ್ ಭಾಯಿ. ಹೊರಗ ಹೇಳೋದಲ್ಲ.

ಜಾಹೇದಾ: ಖರೇರಿ. ಇವ್ರಿಗೂ ನಾ ಹೇಳಿರ್ಲಿಲ್ಲ.

ಉಳಿದ ಟ್ರ್ಯಾಕ್ಟರುಗಳು ಒಂದಾದ ಮೇಲೊಂದು ಹಿಂದಕ್ಕೆ ಓಡಿದವು. ಕೆಲವು ಗೆರೆ ತುಳಿದವು, ಒಂದು ಮೈಕಿನವನ ಮೇಜಿಗೇ ಗುರಿಯಿಟ್ಟಿತು. ಕೊನೆಗೂ ಮೆಹಕರ ಟೀಮೇ ಗೆದ್ದಿತು. ಗೆದ್ದವರನ್ನು ಕೂಗಿದಾಗಲೆಲ್ಲ ಮೈಕಿನಲ್ಲಿ ಜಾಹೇದಾಳ ಹೆಸರು, ಪ್ರತಿ ಸಲವೂ ಮಕ್ಸೂದನ ಚಪ್ಪಾಳೆ ಎಲ್ಲರಿಗಿಂತ ಜೋರು. ಔರಾದ ಉಳಿದವನ ಚಪ್ಪಾಳೆ ಅದು.

ಹೊತ್ತು ಇಳಿದ ಮೇಲೆ ಗಂಡಹೆಂಡತಿ ಹೊರಟರು. ಮಕ್ಸೂದ ಅಭ್ಯಾಸದಂತೆ ಸರಸರ ಮುಂದೆ ನಡೆದ. ಹತ್ತು ಮಾರು ಹೋದ ಮೇಲೆ ಏನೋ ನೆನಪಾಗಿ ಗಕ್ಕನೆ ನಿಂತ.

ಮಕ್ಸೂದ: ಜಾಹೇದಾ, ಇವತ್ತು ನೀ ಮುಂದ ನಡಿ. ನಾ ಹಿಂದ ಬರ್ತೇನಿ.

ಜಾಹೇದಾ: ಬ್ಯಾಡ್ರಿ. ಮಂದಿ ಏನಂದಾರು? ನೀವೇ ಮುಂದ ನಡೀರಿ. ನಾ ಏನರೆ ಬ್ಯಾಡ ಅಂದೀನೇನು?

ಮಕ್ಸೂದ: ಖರೇ ಹೇಳ್ತಿ?

ಜಾಹೇದಾ: ಖರೇ. ಬಾಯಿ ಹಾಕಬಹುದಂದ್ರ ಒಂದೇ ಒಂದ್ ಮಾತು ಹೇಳ್ತೇನಿ.

ಮಕ್ಸೂದ: ಹೇಳು, ಹೇಳು. ಇನ್ನ ಮ್ಯಾಲ ಯಾವಾಗ್ಲೂ ಹೇಳು.

ಜಾಹೇದಾ: ನಮ್ಮ ಗಾಡಿ ಆ ಕಡಿ ಇಲ್ರಿ. ಹಿಂದ ಅದ.

ಮಕ್ಸೂದ ಅಲ್ಲೇ ಹೊರಳಿ ನಿಂತ. ನೋಡುತ್ತಾನೆ, ಜಾಹೇದಾ ಹತ್ತು ಮಾರು ಮುಂದಿದ್ದಾಳೆ.